ತಾತನ ನಡೆ ಹುಡುಕಿಕೊಂಡು ಲಿವರ್‌ಮೋರ್‌ವರೆಗೆ

ಸನ್ನಿವೇಲಿನಿಂದ ಗಿಲ್‌ರಾಯ್‌ಗೆ ಸುಮಾರು ನಲವತ್ತೈದು ಮೈಲಿ. ಶನಿವಾರ ಬೆಳಿಗ್ಗೆ ಫ್ರೀವೇ ಖಾಲಿ ಇದ್ದರೆ ಒಂದು ಗಂಟೆಯ ದಾರಿ. ಎಂಟಕ್ಕೆ ಕಾರು ತೆಗೆದೆ. ಪಕ್ಕದ ಸೀಟಿನಲ್ಲಿ ನನ್ನ ಭಾವ, ಎಂದರೆ ಗಂಡನ ಅಣ್ಣ, ಮುನಿರಾಜಪ್ಪನವರು. ಬೆಂಗಳೂರಿನ ಹಲಸೂರಿನವರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಆದರೆ ಮಾತಿಗೆ ಕೂತರೆ ಕಾರ್ಖಾನೆಯ ಸುದ್ದಿ ಬರುವುದಿಲ್ಲ, ಬರುವುದೆಲ್ಲ ಕೊಳಲಿನ ಸುದ್ದಿಯೇ. ಬೇಸಿಗೆಗೆಂದು ನಮ್ಮಲ್ಲಿಗೆ ಬಂದವರು ಹದಿನೈದು ದಿನದೊಳಗೆ ಅಪಾರ್ಟ್‌ಮೆಂಟಿನ ಹತ್ತು ಹನ್ನೆರಡು ಮಕ್ಕಳನ್ನು ಹಿಡಿದು ಕ್ಲಬ್‌ಹೌಸಿನಲ್ಲಿ ಕೂರಿಸಿ ಪಾಠ ಶುರು ಮಾಡಿದ್ದರು. ಅಂಥವರು ಈಗ ಮೂರು ವಾರದಿಂದ ಕೊಳಲು ಮುಟ್ಟಿರಲಿಲ್ಲ. ಅವರ ಕೊಳಲಿನ ಚೀಲವನ್ನು ಕಪಾಟಿನ ಮೇಲಿಂದ ಇಳಿಸಿ, ಅವರಿಗೆ ಕಾಣದ ಹಾಗೆ ನಾನೇ ಡಿಕ್ಕಿಗೆ ಹಾಕಿದ್ದೆ.

ಯಾಕೆಂದು ಹೇಳಬೇಕಾದರೆ ಮನೆಯ ಕಥೆ ಸ್ವಲ್ಪ ಹೇಳಬೇಕು. ನನ್ನ ಗಂಡನ ಮನೆಯಲ್ಲಿ ಒಂದು ರಾಗವಿದೆ. ಅದಕ್ಕೆ ತಾತನ ನಡೆ ಎಂದು ಹೆಸರು. ಆ ಮನೆಯ ಎಲ್ಲ ಮದುವೆಯಲ್ಲೂ ಅದನ್ನು ಕೊಳಲಿನಲ್ಲಿ ನುಡಿಸುತ್ತಾರೆ. ನಾನು ಸೊಸೆಯಾಗಿ ಹೊಸ್ತಿಲು ದಾಟಿದ್ದೂ ಅದನ್ನು ಕೇಳುತ್ತಲೇ. ಒಳ್ಳೆಯ ಗಟ್ಟಿಮುಟ್ಟಾದ ರಾಗ, ಕಾಲು ತಾನಾಗಿ ತಾಳ ಹಾಕುತ್ತದೆ. ಆದರೆ ಅದಕ್ಕಿರುವ ಕಟ್ಟುಪಾಡು ನೋಡಿದರೆ ನಗು ಬರುತ್ತದೆ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಶುರು ಮಾಡಬೇಕು. ಬರಬರುತ್ತಾ ಜೋರಾಗಬೇಕು, ಮತ್ತೆ ಕುಗ್ಗಬೇಕು. ಕೊನೆಗೆ ಷಡ್ಜಕ್ಕೆ ಬಂದು ನಿಲ್ಲುವ ಹಾಗಿಲ್ಲ, ಅರ್ಧ ಬೆಂದ ಉಪ್ಪಿಟ್ಟನ್ನು ಒಲೆಯಿಂದ ಇಳಿಸಿದ ಹಾಗೆ ನಡುವೆಯೇ ಬಿಟ್ಟುಬಿಡಬೇಕು. ಇದೆಲ್ಲದರ ಮೇಲೆ ಇನ್ನೊಂದು: ನುಡಿಸುವವರು ಎಡಕ್ಕೆ ಮುಖ ಮಾಡಿ ಶುರು ಮಾಡಿ, ನುಡಿಸುತ್ತಾ ನುಡಿಸುತ್ತಾ ಬಲಕ್ಕೆ ತಿರುಗಬೇಕು. ಯಾಕೆ ಎಂದು ಕೇಳಿದರೆ "ತಾತ ಹಾಗೇ ಹೇಳ್ಕೊಟ್ಟಿದ್ದು" ಎಂಬ ಒಂದೇ ಉತ್ತರ.

ತಾತ ಎಂದರೆ ಭಾವನ ತಾತ, ಅಪ್ಪನ ಅಪ್ಪ. ಹಲಸೂರು ಕೆರೆಯ ಹತ್ತಿರ ರಸ್ತೆಯ ತಿರುವಿನಲ್ಲಿ ಎಲೆ ಅಡಿಕೆ ಅಂಗಡಿ ಇಟ್ಟುಕೊಂಡಿದ್ದರಂತೆ. ಬೆಂಗಳೂರಿನ ದಂಡಿನಲ್ಲಿ ಬಿಳಿಯರ ಪಲ್ಟನ್ನು ಇದ್ದ ಕಾಲ. ಅಲ್ಲಿನ ಸಾಹೇಬನೊಬ್ಬ ಇವರ ಕೊಳಲು ಕೇಳಿ ಮೆಚ್ಚಿ, ಸಿಪಾಯಿಗಳ ಕವಾಯತಿಗೆ ಒಂದು ನಡೆ ಕಟ್ಟಿಸಿಕೊಂಡನಂತೆ. ಪಲ್ಟನ್ನಿನವರು ಅಂಗಡಿಗೆ ಬಂದು ಎಲೆ ಅಡಿಕೆಯ ಜೊತೆ ರಾಗವನ್ನೂ ಕಟ್ಟಿಸಿಕೊಂಡು ಹೋದರೇ ಎಂದು ಮದುವೆಯಾದ ಹೊಸದರಲ್ಲಿ ನಾನು ಕೇಳಿಬಿಟ್ಟಿದ್ದೆ. ನಮ್ಮತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಅಂದಿನಿಂದ ಬಾಯಿಗೆ ಬೀಗ.

ಈ ಜುಲೈನಲ್ಲಿ, ಇಲ್ಲಿನ ಸ್ವಾತಂತ್ರ್ಯ ದಿನಕ್ಕೆ, ಪಕ್ಕದ ಊರಿನ ಮೆರವಣಿಗೆ ನೋಡಲು ಹೋದೆವು. ಹಳೆಯ ಕಾಲದ ಸಿಪಾಯಿಗಳ ಹಾಗೆ ಮೂರು ಮೂಲೆಯ ಟೋಪಿ, ನೀಲಿ ಕೋಟು ಹಾಕಿಕೊಂಡ ಒಂದು ಗುಂಪು ನಮ್ಮ ಮುಂದೆಯೇ ಬಂದು ನಿಂತಿತು. ಅವರ ಕೈಯಲ್ಲಿ ಫೈಫ್. ಸಿಪಾಯಿಗಳ ಮುಂದೆ ನುಡಿಸುತ್ತಿದ್ದ, ಎರಡು ಗೇಣುದ್ದದ ಸಪೂರ ಮರದ ಕೊಳಲು ಅದು. ಡ್ರಮ್ಮಿನವನು ಸನ್ನೆ ಕೊಟ್ಟ, ಅವರು ಊದಿದರು. ನನ್ನ ಮಗಳು ಅನನ್ಯಾ ಕೂಗಿಯೇಬಿಟ್ಟಳು: "ದೊಡ್ಡಪ್ಪ, ದಟ್ಸ್ ಅವರ್ ಟ್ಯೂನ್!"

ಸಂದೇಹವೇ ಇರಲಿಲ್ಲ. ಅದು ತಾತನ ನಡೆಯೇ. ಒಂದೇ ವ್ಯತ್ಯಾಸವೆಂದರೆ, ರಾಗಕ್ಕೆ ಎರಡು ತುಂಡಿವೆಯಲ್ಲ, ನಾವು ಮೊದಲು ನುಡಿಸುವ ತುಂಡನ್ನು ಅವರು ಆಮೇಲೆ ನುಡಿಸುತ್ತಿದ್ದರು.

"ತಲೆಕೆಳಗು ಮಾಡ್ಬಿಟ್ಟವ್ರಲ್ಲ ಇವ್ರು" ಎಂದು ಭಾವ ಮೊದಲು ನಕ್ಕರು. ಅವರು ನಕ್ಕಿದ್ದು ಅದೇ ಕೊನೆ. ಗುಂಪಿನ ಹೆಂಗಸೊಬ್ಬಳನ್ನು ಕೇಳಿದರೆ, ಇದು ಬಹಳ ಹಳೆಯ ಸಿಪಾಯಿ ರಾಗ, ಎಲ್ಲ ಫೈಫ್‌ನವರಿಗೂ ಬರುತ್ತದೆ ಎಂದಳು.

ಮನೆಗೆ ಬಂದವರೇ ಭಾವ ಕೊಳಲನ್ನು ಕಪಾಟಿನ ಮೇಲಿಟ್ಟರು. ಆಗಸ್ಟಿನಲ್ಲಿ ನಮ್ಮ ಕನ್ನಡದವರ ಸಭೆಯಲ್ಲಿ ಮಕ್ಕಳೆಲ್ಲ ಸೇರಿ ತಾತನ ನಡೆ ನುಡಿಸುವುದೆಂದು ಗೊತ್ತಾಗಿತ್ತು. "ನಮ್ಮ ತಾತ ಕಟ್ಟಿದ್ದು" ಎಂದು ಭಾವ ವೇದಿಕೆಯಲ್ಲಿ ಹೇಳಬೇಕಿತ್ತು. "ಸುಳ್ಳು ಹೇಳಿ ಮಕ್ಕಳ ಕೈಲಿ ನುಡಿಸಕ್ಕಾಗಲ್ಲ ಗೀತಾ. ತಾತ ಕದ್ದಿದ್ರು ಅಂತ ಹೇಳಿ ನುಡಿಸಕ್ಕೂ ಆಗಲ್ಲ. ಬೇಡ ಬಿಡು" ಎಂದರು. ಈ ಶನಿವಾರಕ್ಕೆ ಆ ಸಭೆಗೆ ಇನ್ನು ಎಂಟೇ ದಿನ ಉಳಿದಿತ್ತು. ಅವರ ಮುಖ ನೋಡಿ ನನಗೆ ನಿಜವಾಗಿ ಸಂಕಟವಾಯಿತು. ಅದರ ಜೊತೆಗೆ, ಸುಳ್ಳೇಕೆ, ಇಷ್ಟು ವರ್ಷ ಬೀಗ ಹಾಕಿಕೊಂಡಿದ್ದ ಕುತೂಹಲವೂ ಎದ್ದು ಕೂತಿತು. ಮೆರವಣಿಗೆಯ ಹೆಂಗಸು ಇಬ್ಬರನ್ನು ಹೇಳಿದ್ದಳು: ಗಿಲ್‌ರಾಯ್‌ನಲ್ಲಿ ಫೈಫ್ ಮಾಡುವ ಎಲನರ್, ಲಿವರ್‌ಮೋರ್‌ನಲ್ಲಿ ಅವರ ಗುಂಪಿನ ಹಿರಿಯ ವಾಲ್ಟರ್. ಇಬ್ಬರಿಗೂ ಫೋನು ಮಾಡಿ ಒಂದೇ ದಿನ ಗೊತ್ತು ಮಾಡಿಕೊಂಡೆ.

ಸ್ಯಾನ್ ಹೊಸೆ ದಾಟಿದ ಮೇಲೆ ಕಟ್ಟಡಗಳು ಹಿಂದೆ ಸರಿದು ಎರಡೂ ಕಡೆ ಒಣಹುಲ್ಲಿನ ಗುಡ್ಡಗಳು ಬಂದವು. ಭಾವ ಒಂದೇ ಒಂದು ಮಾತಾಡಿದ್ದು ಗಿಲ್‌ರಾಯ್ ಹತ್ತಿರ ಬಂದಾಗ, ಕಿಟಕಿ ಇಳಿಸಿ: "ಯಾರೋ ಒಗ್ಗರಣೆ ಹಾಕ್ತವ್ರೆ." ಯಾರೂ ಹಾಕುತ್ತಿರಲಿಲ್ಲ. ಅದು ಬೆಳ್ಳುಳ್ಳಿಯ ಊರು. ಕೊಯ್ಲಿನ ಕಾಲದಲ್ಲಿ ಊರಿಗೆ ಊರೇ ಹಾಗೆ ನಾರುತ್ತದೆ. ಒಂಬತ್ತು ಗಂಟೆಗಾಗಲೇ ಬಿಸಿಲು ಚುರುಗುಟ್ಟುತ್ತಿತ್ತು.

ಎಲನರ್ ಎಪ್ಪತ್ತರ ಹತ್ತಿರದ ಹೆಂಗಸು. ಕಾರು ನಿಲ್ಲಿಸುವ ಗ್ಯಾರೇಜೇ ಅವಳ ಕಾರ್ಖಾನೆ. ಮರ ಕೊರೆಯುವ ಲೇತು, ಎಣ್ಣೆ ಡಬ್ಬ, ಗೋಡೆಗೆ ಒರಗಿಸಿದ ಕೋಲುಗಳು. ಲೇತು ಕಂಡದ್ದೇ ತಡ, ಭಾವನ ಕಣ್ಣು ಹೊಳೆಯಿತು. ಫಿಟ್ಟರ್ ಬುದ್ಧಿ ಎಲ್ಲಿ ಹೋಗುತ್ತದೆ? ಇಬ್ಬರೂ ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿಕೊಂಡರು. ಅವಳ ಫೈಫನ್ನು ಭಾವ ತಿರುಗಿಸಿ ನೋಡಿದರು. ಆರೇ ತೂತು, ನಮ್ಮ ಕೊಳಲಿಗಿಂತ ಎರಡು ಕಡಿಮೆ. "ಸಣ್ಣದಾಗಿ ನುಡ್ಸಿ ಅನ್ನು" ಎಂದು ನನ್ನ ಕಡೆ ತಿರುಗಿದರು. ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

ಎಲನರ್ ನಕ್ಕಳು. "ಇದರಲ್ಲಿ ಸಣ್ಣದು ಎಂಬುದೇ ಇಲ್ಲ. ಕೆಳಗಿನ ಸ್ವರ ಹತ್ತು ಹೆಜ್ಜೆ ಆಚೆಗೆ ಹೋಗುವುದಿಲ್ಲ. ಅದಕ್ಕೇ ಮೇಲಿನ ಸ್ವರದಲ್ಲೇ ನುಡಿಸುತ್ತೇವೆ. ಮೇಲಿನ ಸ್ವರವನ್ನು ಮೆಲ್ಲಗೆ ಊದಿದರೆ ಅದು ಬರುವುದೇ ಇಲ್ಲ. ಫಿರಂಗಿ ಸದ್ದಿನ ನಡುವೆ ಕೇಳಲಿ ಎಂದೇ ಮಾಡಿದ ವಾದ್ಯ ಇದು" ಎಂದು ಹೇಳಿ ಊದಿದಳು. ಗ್ಯಾರೇಜಿನಲ್ಲಿ ನನ್ನ ಕಿವಿ ಗುಂಯ್ ಎಂದಿತು. ಪಕ್ಕದ ಮನೆಯ ನಾಯಿ ಬೊಗಳಿತು.

ನಾನು ನಮ್ಮ ರಾಗವನ್ನು ಗುನುಗಿ, ಇದು ಯಾರದು ಎಂದು ಕೇಳಿದೆ. "ಯಾರದೂ ಅಲ್ಲ, ಎಲ್ಲರದೂ" ಎಂದಳು. ಐರಿಷರು ತಮ್ಮದೆನ್ನುತ್ತಾರಂತೆ, ಸ್ಕಾಟರು ತಮ್ಮದೆನ್ನುತ್ತಾರಂತೆ. ಒಂದು ಪಲ್ಟನ್ನಿನವರು ಅದಕ್ಕೆ ಹುಡುಗಿಯ ಹೆಸರಿಟ್ಟರೆ ಇನ್ನೊಂದರವರು ಊರಿನ ಹೆಸರಿಟ್ಟರಂತೆ. ಅವಳ ಮುತ್ತಜ್ಜನೂ ಫೈಫ್ ಊದುತ್ತಿದ್ದ, ಆ ಮುತ್ತಜ್ಜನಿಗೂ ಇದು ಹಳೆಯ ರಾಗವೇ ಆಗಿತ್ತಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತೇವೆ. ಇಲ್ಲಿ ಹೆತ್ತವರು ಯಾರೆಂದೇ ಗೊತ್ತಿಲ್ಲ, ಮುದ್ದು ಮಾಡುವವರು ಮಾತ್ರ ನಾಲ್ಕು ದೇಶಕ್ಕಾಗುವಷ್ಟು ಇದ್ದಾರೆ. ನನಗೆ ಇದೆಲ್ಲ ಭಾರೀ ರುಚಿಯಾಗಿ ಕೇಳಿಸಿತು. ಮುತ್ತಜ್ಜನ ಮಾತು ಬಂದಾಗ ಮಾತ್ರ ಭಾವನ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಅವರಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ. ತಾತ ಹುಟ್ಟುವ ಮುಂಚೆಯೇ ಈ ರಾಗ ಇತ್ತು. ಅಲ್ಲಿಗೆ ಆ ಮಾತು ಮುಗಿಯಿತು.

"ವಾಪಸ್ ಹೋಗಣ" ಎಂದರು, ಕಾರಿನಲ್ಲಿ ಕೂತ ಕೂಡಲೇ.

"ಲಿವರ್‌ಮೋರ್‌ನೋರು ಕಾಯ್ತಿರ್ತಾರೆ ಭಾವ. ಬರ್ತೀವಿ ಅಂತ ಹೇಳಿ ಹೋಗ್ದೆ ಇದ್ರೆ ಚೆನ್ನಾಗಿರಲ್ಲ."

"ಅವ್ರೇನು ಬೇರೆ ಹೇಳ್ತಾರಾ? ಇದನ್ನೇ ಇನ್ನೊಂದ್ ಸಲ ಹೇಳ್ತಾರೆ."

ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೂ ನಾನು ಕಾರನ್ನು ಉತ್ತರಕ್ಕೆ ತಿರುಗಿಸಿ, ಆರುನೂರ ಎಂಬತ್ತನೇ ಫ್ರೀವೇ ಹಿಡಿದೆ. ಅರವತ್ತು ಮೈಲಿಗೂ ಮೇಲೆ. ಸುನೋಲ್ ಬಳಿ ಯಾವುದೋ ಲಾರಿ ಕೆಟ್ಟು ನಿಂತು ಟ್ರಾಫಿಕ್ಕು. ಎಸಿ ಹಾಕಿದರೂ ಬಿಸಿಲು ತೊಡೆಯ ಮೇಲೆ ಸುಡುತ್ತಿತ್ತು. ಎಲನರ್ ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಫೈಫಿನಲ್ಲಿ ಸಣ್ಣದು ಎಂಬುದಿಲ್ಲ. ಹಾಗಾದರೆ ತಾತ ಆ ಕದ್ದ ರಾಗಕ್ಕೆ, ಕದ್ದದ್ದೇ ಎಂದುಕೊಳ್ಳೋಣ, ಮೆಲ್ಲಗೆ ಶುರು ಮಾಡುವ ಕಟ್ಟುಪಾಡು ಎಲ್ಲಿಂದ ತಂದರು? ಇದನ್ನು ಭಾವನಿಗೆ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಲಿವರ್‌ಮೋರ್‌ನಲ್ಲಿ ಮೊದಲು ಊರಿನ ದೇವಸ್ಥಾನಕ್ಕೆ ಹೋದೆವು. ಕೈಮುಗಿದು, ಅಲ್ಲಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ, ಮೊಸರನ್ನ ತಿಂದೆವು. ಮಂಡ್ಯ ಕಡೆಯ ಮುದುಕಿಯೊಬ್ಬರು ನಮ್ಮ ಮಾತು ಕೇಳಿ ಪಕ್ಕಕ್ಕೆ ಬಂದು ಕೂತರು. "ಯಾಕಣ್ಣ ಮುಖ ಹಿಂಗ್ ಸಣ್ಣಾಗದೆ? ಪುಳಿಯೋಗರೆ ಕಾರಾನಾ?" ಎಂದು ಕೇಳಿದರು. "ಹುಳಿ ಸಾಲ್ದು ಕಣಮ್ಮ" ಎಂದರು ಭಾವ. ತಟ್ಟೆ ಮಾತ್ರ ಖಾಲಿ ಮಾಡಿದ್ದರು.

ವಾಲ್ಟರ್‌ನ ಮನೆ ಊರಾಚೆ, ದ್ರಾಕ್ಷಿ ತೋಟಗಳ ನಡುವೆ. ಮನೆಯ ಮುಂದೆ ಒಂದೇ ಗಾಡಿ ಹೋಗುವಷ್ಟು ಅಗಲದ ರಸ್ತೆ. ಎಡಕ್ಕೆ ಆ ರಸ್ತೆ ಒಂದು ದಿಬ್ಬ ಸುತ್ತಿಕೊಂಡು ಬರುತ್ತದೆ, ದಿಬ್ಬದ ಹಿಂದೆ ಹಳೆಯ ಹುಲ್ಲಿನ ಕೊಟ್ಟಿಗೆ. ವಾಲ್ಟರ್ ಆ ಊರಿನ ದೊಡ್ಡ ವಿಜ್ಞಾನ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಎತ್ತರದ ಮನುಷ್ಯ. ಪ್ರತಿ ಶನಿವಾರ ಗುಂಪಿನವರು ಕೊಟ್ಟಿಗೆಯ ಹತ್ತಿರ ಸೇರಿ, ಊದುತ್ತಾ ರಸ್ತೆಯಲ್ಲಿ ನಡೆದು ಅಭ್ಯಾಸ ಮಾಡುತ್ತಾರಂತೆ. ಅವನೂ ಎಲನರ್ ಹೇಳಿದ್ದನ್ನೇ ಹೇಳಿದ. ಭಾವ ನನ್ನನ್ನು ನೋಡಿದ ನೋಟದಲ್ಲಿ "ನಾನು ಹೇಳ್ಲಿಲ್ವಾ" ಎಂದಿತ್ತು.

"ನಿಮ್ಮದನ್ನು ಒಮ್ಮೆ ಕೇಳಿಸುತ್ತೀರಾ?" ಎಂದ ವಾಲ್ಟರ್.

"ಕೊಳಲು ತಂದಿಲ್ಲ" ಎಂದರು ಭಾವ. ನಾನು ಎದ್ದು ಹೋಗಿ ಡಿಕ್ಕಿಯಿಂದ ಚೀಲ ತಂದು ಮುಂದಿಟ್ಟೆ. ಭಾವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದರು. ಆದರೆ ಬೇರೆಯವರ ಮನೆ, ಕಾಫಿ ಕೊಟ್ಟಿದ್ದಾರೆ, ಇಲ್ಲ ಎನ್ನುವುದು ಹೇಗೆ? ಎದ್ದು ನಿಂತು, ಎಡಕ್ಕೆ ತಿರುಗಿ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ಶುರು ಮಾಡಿದರು. ಮೂರು ವಾರದ ಮುನಿಸಿಗೋ ಏನೋ, ಅಷ್ಟು ಚೆನ್ನಾಗಿ ಅವರು ನುಡಿಸಿದ್ದನ್ನು ನಾನು ಕೇಳಿರಲಿಲ್ಲ. ರಾಗ ಏರಿತು, ತುಂಬಿತು, ಅವರು ಬಲಕ್ಕೆ ತಿರುಗುತ್ತಾ ಹೋದ ಹಾಗೆ ಕುಗ್ಗಿತು, ನಡುವೆಯೇ ನಿಂತಿತು.

ವಾಲ್ಟರ್ ತಲೆ ಕೆರೆದುಕೊಂಡ. ಎರಡನೆಯ ಭಾಗದಿಂದ ಏಕೆ ಶುರು, ಕೊನೆ ಎಲ್ಲಿ ಹೋಯಿತು ಎಂದು ಕೇಳತೊಡಗಿದ. ಅಷ್ಟರಲ್ಲಿ ಅಡುಗೆಮನೆಯಿಂದ ಅವನ ಹೆಂಡತಿ ಜೋನ್ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳಿಗೆ ಸಂಗೀತದ ಗಂಧವಿಲ್ಲ ಎಂದು ಅವನೇ ಮೊದಲು ತಮಾಷೆ ಮಾಡಿದ್ದ.

"ಇದರಲ್ಲಿ ವಿಚಿತ್ರ ಏನಿದೆ? ನನಗೆ ಪ್ರತಿ ಶನಿವಾರ ಹೀಗೇ ಕೇಳಿಸುವುದು" ಎಂದಳು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಇವರು ಶುರು ಮಾಡುವುದು ದಿಬ್ಬದ ಹಿಂದೆ. ಅಡುಗೆಮನೆಯಲ್ಲಿರುವ ಅವಳಿಗೆ ರಾಗ ಶುರುವಾಗುವುದು ಎಂದೂ ಕೇಳಿಸಿಲ್ಲ. ತಿರುವಿಗೆ ಬರುವಾಗ ಎರಡನೆಯ ಭಾಗ ಸಣ್ಣದಾಗಿ ಕೇಳುತ್ತದೆ, ಮೊದಲ ಭಾಗ ಮತ್ತೆ ಬರುವ ಹೊತ್ತಿಗೆ ಮನೆಯ ಮುಂದಿರುತ್ತಾರೆ, ಕಿವಿ ಕಿತ್ತುಹೋಗುತ್ತದೆ, ಆಚೆ ತೋಟದ ಕಡೆಗೆ ಹೋದಮೇಲೆ ಎಲ್ಲೋ ಒಂದು ಕಡೆ ನಿಂತುಹೋಗುತ್ತದೆ. "ಇದಕ್ಕೆ ಕೊನೆ ಇದೆ ಎಂದೇ ನನಗೆ ಗೊತ್ತಿರಲಿಲ್ಲ" ಎಂದಳು.

ನಾನು ಇದನ್ನು ಕನ್ನಡದಲ್ಲಿ ಭಾವನಿಗೆ ಹೇಳಿದೆ. ಭಾವ ಬಾಗಿಲಿಗೆ ಹೋಗಿ ದಿಬ್ಬದ ಕಡೆ ನೋಡಿದರು. ಆಮೇಲೆ ಕೇಳಿದರು: "ದಿಬ್ಬದ ಹಿಂದಿನಿಂದ್ಲೇ ಶುರು ಮಾಡ್ತಾರಂತಾ?"

"ಹೂಂ."

"ನಮ್ಮಲ್ಲೂ ಕೆರೆ ಏರಿ ಇತ್ತಲ್ಲ ಗೀತಾ. ಏರಿಯಾಚೆ ದಂಡಿನ ಮೈದಾನ. ಈ ಕಡೆ ತಿರುವಲ್ಲಿ ತಾತನ ಅಂಗಡಿ. ಎಡಗಡೆಯಿಂದ ಬಂದು ಬಲಗಡೆಗೇ ಹೋಗೋ ರಸ್ತೆ ಅದು. ಅಪ್ಪ ಜಾಗ ತೋರ್ಸಿದ್ರು ನಂಗೆ. ಈಗ ಅಲ್ಲಿ ಮೊಬೈಲ್ ಅಂಗಡಿ ಐತೆ."

ವಾಲ್ಟರ್‌ಗೆ ಇಷ್ಟು ಹೇಳಿದ್ದೇ ಸಾಕಾಯಿತು. ಕುತೂಹಲದಲ್ಲಿ ಅವನು ನನಗೂ ಅಪ್ಪ. ಅಭ್ಯಾಸಕ್ಕೆ ಬಂದಿದ್ದ ಆರೇಳು ಜನರನ್ನು ಒಟ್ಟು ಮಾಡಿ ಕೊಟ್ಟಿಗೆಗೆ ಕರೆದುಕೊಂಡು ಹೋದ. ಭಾವ ರಸ್ತೆಯ ಅಂಚಿನಲ್ಲಿ, ಅಂಚೆ ಡಬ್ಬದ ಪಕ್ಕ ನಿಂತರು. ಮೊದಲ ಸಲ ಕೆಟ್ಟಿತು. ಮಧ್ಯಾಹ್ನದ ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ರಾಗದ ಮೊದಲ ತುಂಡೇ ಕೇಳಿಸಿಬಿಟ್ಟಿತು. ಭಾವನ ಮುಖ ಇಳಿಯಿತು. ಇನ್ನೂ ಹಿಂದಿನಿಂದ ಶುರು ಮಾಡಿ ಎಂದು ನಾನು ಫೋನು ಮಾಡಿ ಹೇಳಿದೆ. ಎರಡನೆಯ ಸಲ ಏನೂ ಕೇಳಿಸಲಿಲ್ಲ. ತೋಟದ ಎಲೆಗಳ ಸದ್ದು, ಯಾವುದೋ ಹಕ್ಕಿ. ಆಮೇಲೆ ದಿಬ್ಬದ ಮೂಲೆಯಿಂದ, ಎಳೆ ಎಳೆಯಾಗಿ, ತಾತನ ನಡೆಯ ಮೊದಲ ಸ್ವರಗಳು ಬಂದವು. ಹುಲ್ಲು ಮುಟ್ಟಿದ ಹಾಗೆ ಮೆಲ್ಲಗೆ. ಅಲ್ಲಿ ಅವರು ಕೆನ್ನೆ ಒಡೆಯುವ ಹಾಗೆ ಊದುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

ಅವರು ಹತ್ತಿರ ಬಂದರು, ನಮ್ಮ ಮುಂದೆ ಹಾದರು, ಆಚೆ ಹೋದರು. ನಾನು ಅವರನ್ನು ನೋಡಲಿಲ್ಲ, ಭಾವನನ್ನು ನೋಡುತ್ತಿದ್ದೆ. ಅವರ ಮುಖ ಮೊದಲು ಎಡಕ್ಕಿತ್ತು. ಗುಂಪು ಬಂದ ಹಾಗೆ ಮೆಲ್ಲಗೆ ಇತ್ತ ತಿರುಗಿತು, ಗುಂಪು ಹೋದ ಹಾಗೆ ಬಲಕ್ಕೆ ಹೊರಳಿತು. ಅವರಿಗೆ ಅದರ ಅರಿವೇ ಇರಲಿಲ್ಲ. ಮದುವೆ ಮದುವೆಯಲ್ಲೂ ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕ ಆ ತಿರುಗಾಟ ಅದೇ. ಈಗ ಸೆರಗು ಕಣ್ಣಿಗೆ ಹೋಯಿತು.

ರಾಗ ತೋಟದಾಚೆ ಕರಗಿದ್ದು ನಾವು ನಿಲ್ಲಿಸುವ ಸ್ವರದಲ್ಲೇ ಅಲ್ಲ. ಒಂದೆರಡು ಸ್ವರ ಆಚೀಚೆ. ಇದನ್ನು ಯಾವ ಕೋರ್ಟೂ ಸಾಕ್ಷಿ ಎಂದು ಒಪ್ಪಲಿಕ್ಕಿಲ್ಲ. ರಾಗದ ಮೂಲ ಐರ್ಲೆಂಡೋ ಸ್ಕಾಟ್ಲೆಂಡೋ ನನಗೆ ಇವತ್ತಿಗೂ ತಿಳಿಯದು. ಆದರೆ ನಮ್ಮ ಮನೆಗೆ ಅದು ಎಲ್ಲಿಂದ ಬಂತು ಎಂಬುದು ಗೊತ್ತಾಯಿತು. ಎಲೆ ಅಡಿಕೆ ಅಂಗಡಿಯ ಮುಂದೆ ಹಾದುಹೋದ ಪಲ್ಟನ್ನಿನಿಂದ ಬಂತು.

ವಾಪಸು ಬರುವಾಗ ಭಾವ ತಾವಾಗಿಯೇ ಮಾತಾಡಿದರು. "ತಾತ ಕಟ್ಟಿದ್ರು ಅಂತ ಹೇಳ್ತಿದ್ದಿದ್ದು ನಮ್ಮಪ್ಪ. ಸಾಹೇಬನ ಕಥೆನೂ ಅಪ್ಪಂದೇ. ತಾತ ಯಾವತ್ತೂ ಕಟ್ದೆ ಅಂದಿಲ್ಲ. ಸಣ್ಣೋನಿದ್ದಾಗ ನಂಗೆ ಹೇಳ್ಕೊಡ್ವಾಗ ಒಂದೇ ಮಾತು, 'ಕೇಳಿಸ್ತಾ? ಕೇಳಿಸ್ತಾ?' ನಾನು ಕೊಳಲು ಕೇಳಿಸ್ತಾ ಅಂತಾರೆ ಅನ್ಕೊಂಡಿದ್ದೆ."

ಫ್ರೀವೇಯಲ್ಲಿ ಗಾಡಿಗಳು ಕಡಿಮೆ ಇದ್ದವು. ಐದೂವರೆಗೆ ಸನ್ನಿವೇಲ್ ಸೇರಿದೆವು.

ಕ್ಲಬ್‌ಹೌಸಿನ ಮುಂದೆ ಮಕ್ಕಳು ಕೊಳಲು ಹಿಡಿದು ಕಾಯುತ್ತಿದ್ದರು. ಈ ವಾರವೂ ಪಾಠ ಇಲ್ಲ ಎಂದು ಎಲ್ಲರಿಗೂ ಮೆಸೇಜು ಹಾಕಲು ಭಾವ ನನಗೆ ಹೇಳಿದ್ದರು. ನಾನು ಹಾಕಿರಲಿಲ್ಲ. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಮಕ್ಕಳನ್ನೆಲ್ಲ ಪಾರ್ಕಿಂಗಿನ ಆ ತುದಿಗೆ ಕಳಿಸಿದರು.

"ಅಲ್ಲಿಂದ ಶುರು ಮಾಡಿ, ಈ ಬಾಗಿಲಲ್ಲಿ ಬಂದು ಆ ಬಾಗಿಲಲ್ಲಿ ಹೋಗಿ. ನಿಲ್ಲಬಾರ್ದು. ಗಟ್ಟಿಯಾಗೇ ಊದಿ, ಎಲ್ಲೂ ಸಣ್ಣ ಮಾಡ್ಬೇಡಿ. ಕೊನೇ ತನಕ ಊದಿ."

"ಬಟ್ ದೊಡ್ಡಪ್ಪ, ಯು ಸೆಡ್ ಸಾಫ್ಟ್ಲಿ!" ಎಂದಳು ಅನನ್ಯಾ.

"ಅದನ್ನ ದಾರಿ ನೋಡ್ಕೊಳ್ಳತ್ತೆ ಕಣಮ್ಮ. ಹೋಗು."

"ಮುಂದಿನ ಭಾನುವಾರ ಸಭೇಲಿ ಏನಂತ ಹೇಳ್ತೀರಿ ಭಾವ?" ಎಂದು ಕೇಳಿದೆ.

"ನಮ್ಮ ತಾತ ಕೇಳಿದ್ದು ಅಂತೀನಿ" ಎಂದವರು ಕ್ಲಬ್‌ಹೌಸಿನ ಖಾಲಿ ಹಾಲ್ ನಡುವೆ ಒಂದು ಕುರ್ಚಿ ಎಳೆದುಕೊಂಡು ಕೂತರು. ಕೊಳಲು ತೆಗೆಯಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಮುಖವನ್ನು ಎಡಗಡೆಯ ಬಾಗಿಲಿಗೆ ಮಾಡಿದರು. ಕೆಲವು ತಾಯಂದಿರು ಗೋಡೆಯ ಪಕ್ಕ ನಿಂತಿದ್ದರು.

ಮಕ್ಕಳು ಬಂದರು, ಹಾದುಹೋದರು. ಬಾಗಿಲಾಚೆ ಈಜುಕೊಳದ ಬೇಲಿ ಸುತ್ತಿಕೊಂಡು ಹೋದ ಮೇಲೆ ಸದ್ದು ನಿಂತಿತು. ತಾಯಂದಿರು ಚಪ್ಪಾಳೆಗೆ ಕೈ ಎತ್ತಿದರು. ಭಾವ ಬಲಗಡೆಗೆ ತಿರುಗಿದ ಮುಖವನ್ನು ಹಾಗೇ ಇಟ್ಟುಕೊಂಡು ಒಂದು ಬೆರಳೆತ್ತಿದರು.

"ಇರಿ" ಎಂದರು. "ಇನ್ನೂ ಕೇಳಿಸ್ತಾ ಐತೆ."